125 ಸಿಸಿ ಬೈಕಿಗೆ ಹೀಟೆಡ್ ಗ್ರಿಪ್ ಒಳ್ಳೆಯದೋ, ಹೀಟೆಡ್ ಗ್ಲೋವ್ಸೋ, ಜಾಕೆಟ್ಟೋ? ಬೆಳಗಿನ ಚಳಿಗೆ ಬೆರಳು ಮರಗಟ್ಟುತ್ತವೆ

ತಳಿ ಊರಿನಿಂದ ಹೊಸೂರಿಗೆ ಬೆಳಗಿನ ಪಾಳಿಗೆ ಹೋಗುತ್ತೇನೆ, ಅರ್ಧ ದಾರಿಗೆ ಕ್ಲಚ್ ಹಿಡಿಯಲು ಬೆರಳು ಬಗ್ಗುವುದಿಲ್ಲ ಅಂತ ಬರೆದಿದ್ದೀರಿ. ಮೂರು ವರ್ಷ ನನ್ನ ಪಾಡೂ ಇದೇ ಆಗಿತ್ತು. ಮೂರರಲ್ಲಿ ಯಾವುದು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಈ ವಾರವೇ ಮೆಕ್ಯಾನಿಕ್ ಹತ್ತಿರ ಹೋಗುವ ಹಾಗಿದ್ದೀರಿ.

ನಮ್ಮೂರು ತಾಳವಾಡಿ ಪಕ್ಕ. ಜಿಲ್ಲೆ ತಮಿಳುನಾಡಿನ ಈರೋಡ್ ಆದರೂ ಮನೆ, ಸಂತೆ, ಜಗಳ, ದೇವರ ಹರಕೆ ಎಲ್ಲ ಕನ್ನಡದಲ್ಲೇ. ಕೆಲಸ ಮಾತ್ರ ಘಾಟಿ ಇಳಿದು ಸತ್ಯಮಂಗಲದಲ್ಲಿ, ಹೂವಿನ ಮಂಡಿಯಲ್ಲಿ ಲೆಕ್ಕ ಬರೆಯುವುದು. ಹಾಸನೂರು ದಾಟಿ, ದಿಂಬಂ ಮೇಲೆ ಬಂದು, 27 ಹೇರ್‌ಪಿನ್ ತಿರುವು ಇಳಿದು ಬಣ್ಣಾರಿ ಅಮ್ಮನ ಗುಡಿ ಮುಂದೆ ಹಾದು ಹೋಗಬೇಕು. ಐವತ್ತು ಕಿಲೋಮೀಟರಿಗೂ ಮೇಲಾಗುತ್ತದೆ. 2022ರ ಫೆಬ್ರವರಿಯಿಂದ ಘಾಟಿಯಲ್ಲಿ ರಾತ್ರಿ ಸಂಚಾರ ನಿಷೇಧ ಬಿಗಿಯಾಯಿತು. ಹುಲಿ ಸಂರಕ್ಷಿತ ಅರಣ್ಯ, ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು ಅಂತ ಹೈಕೋರ್ಟ್ ಆದೇಶ. ಅದು ಸರಿಯೇ. ಆದರೆ ನಿಷೇಧ ಮುಗಿಯುವುದು ಬೆಳಗ್ಗೆ 6ಕ್ಕೆ, ದಿನದ ಅತಿ ತಣ್ಣನೆಯ ಹೊತ್ತಿನಲ್ಲೇ. ನಾನು ಘಾಟಿ ಇಳಿಯುವುದೂ ಆಗಲೇ.

ದಿಂಬಂ ಸಾವಿರ ಮೀಟರಿಗೂ ಮೇಲಿದೆ. ಧನುರ್ಮಾಸದಲ್ಲಿ ಅಲ್ಲಿ ಮಂಜು ಬಿದ್ದರೆ ಹೆಲ್ಮೆಟ್ ಗಾಜಿನ ಮೇಲೆ ಹನಿ ಕಟ್ಟಿ, ಗಲ್ಲದಿಂದ ಇಳಿದು ಕಾಲರ್ ಒಳಗೆ ಹೋಗುತ್ತದೆ. ಹೂವಿನ ಮಂಡಿ ತಲುಪಿದಾಗ ಬಾಲ್‌ಪೆನ್ ಹಿಡಿಯಲು ಆಗುತ್ತಿರಲಿಲ್ಲ. ಎರಡು ಕೈಯಲ್ಲಿ ಟೀ ಗ್ಲಾಸು ಅಪ್ಪಿಕೊಂಡು ಕೂತರೆ ಬೆರಳ ತುದಿಗೆ ರಕ್ತ ವಾಪಸು ಬರುವಾಗ ಸೂಜಿ ಚುಚ್ಚಿದ ಹಾಗೆ ನೋವು. ಅಷ್ಟರಲ್ಲಿ ಮಲ್ಲಿಗೆ ಹರಾಜು ಶುರುವಾಗಿರುತ್ತಿತ್ತು. ಚಳಿಗಾಲದಲ್ಲಿ ಮಲ್ಲಿಗೆ ಇಳುವರಿ ಬಿದ್ದುಹೋಗಿ ರೇಟು ಏರುತ್ತದೆ, ಒಂದು ಸೊನ್ನೆ ತಪ್ಪು ಬರೆದರೂ ರೈತನಿಗೆ ಸಾವಿರಗಟ್ಟಲೆ ಹೊಡೆತ. ಅದಕ್ಕೇ ನನಗೆ ಈ ಕೈ ವಿಷಯ ಅಷ್ಟು ಮುಖ್ಯವಾಗಿತ್ತು.

2022ರ ಡಿಸೆಂಬರಿನಲ್ಲಿ ಆನ್‌ಲೈನಲ್ಲಿ ಹೀಟೆಡ್ ಗ್ರಿಪ್ ತರಿಸಿದೆ. ಡಬ್ಬದ ಮೇಲೆ 12 ವೋಲ್ಟ್, ಜೋಡಿಗೆ 36 ವ್ಯಾಟ್ ಅಂತ ಇತ್ತು. ಊರಿನ ಮೆಕ್ಯಾನಿಕ್ ಹುಡುಗನ ಹತ್ತಿರ ಕೊಟ್ಟೆ. ಅವನು ಸರಿಯಾಗಿಯೇ ಹೇಳಿದ: "ಅಣ್ಣ, ಬ್ಯಾಟ್ರಿಯಿಂದ ಬ್ಯಾರೆ ವೈರ್ ಎಳ್ದು ರಿಲೇ ಹಾಕ್ಬುಡ್ಲಾ? ಸೀಟು, ಟ್ಯಾಂಕು ಬಿಚ್ಚಬೇಕಾಯ್ತದ. ಗಾಡಿ ಬುಟ್ಟು ಹೋಗಿ, ನಾಳ ಬನ್ನಿ." ರಿಲೇ ಅಂದರೆ ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು.

ನಾಳೆ ಹೇಗೆ ಹೋಗುವುದು, ಮಂಡಿಗೆ ಬಸ್ಸಲ್ಲಿ ಹೋದರೆ ಹರಾಜು ಮುಗಿದಿರುತ್ತದೆ. ಹೆಡ್‌ಲೈಟ್ ವೈರಿಂದಲೇ ತೆಗೆದುಬಿಡು, ಕೀ ಆನ್ ಮಾಡಿದಾಗ ಬಿಸಿ, ಆಫ್ ಮಾಡಿದಾಗ ತಾನೇ ಆಫ್, ಇನ್ನೇನು ಬೇಕು ಅಂದೆ. ಅವನು ಇನ್ನೊಂದು ಸಲ "ಅಣ್ಣ..." ಅಂದ. ನಾನು ಕೇಳಲಿಲ್ಲ. ಡೂಮ್, ಅಂದರೆ ಹೆಡ್‌ಲೈಟಿನ ಕವಚ, ಬಿಚ್ಚಿ, ಹೆಡ್‌ಲೈಟಿಗೆ ಹೋಗುವ ವೈರಿನ ಸಿಪ್ಪೆ ಸುಲಿದು, ಗ್ರಿಪ್ ವೈರ್ ಸುತ್ತಿ, ಕರಿ ಟೇಪ್ ಹಾಕಿಕೊಟ್ಟ. ಇಪ್ಪತ್ತು ನಿಮಿಷ ಹಿಡಿಯಿತು.

ಇದೇ ಆ ತಪ್ಪು. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಮೇಲುನೋಟಕ್ಕೆ ಇದು ಜಾಣತನದ ಹಾಗೇ ಕಾಣುತ್ತದೆ. ವಿಡಿಯೋಗಳಲ್ಲೂ ಹೀಗೇ ಮಾಡುವುದು ನೋಡಿದ್ದೇನೆ.

ನನ್ನದು 2018ರ ಬೈಕ್. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ಆಫ್ ಮಾಡುವ ಸ್ವಿಚ್ಚೇ ಇಲ್ಲ, ಇಂಜಿನ್ ಓಡುವಷ್ಟು ಹೊತ್ತೂ ಉರಿಯುತ್ತದೆ. ಬಲ್ಬು 35 ವ್ಯಾಟ್. 12 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 3 ಆಂಪಿಯರ್ ಕರೆಂಟು. ಕಂಪನಿಯವರು ಆ ವೈರು, ಅದರ ಬಿಳಿ ಪ್ಲಾಸ್ಟಿಕ್ ಕನೆಕ್ಟರು, ಒಳಗಿನ ಹಿತ್ತಾಳೆ ಪಿನ್ನು ಎಲ್ಲವನ್ನೂ ಆ 3 ಆಂಪಿಯರಿಗೆ, ಮೇಲೆ ಒಂದಿಷ್ಟು ಮಿಗುವ ಹಾಗೆ, ಅಳೆದು ಕೊಟ್ಟಿರುತ್ತಾರೆ. ನನ್ನ ಗ್ರಿಪ್ 36 ವ್ಯಾಟ್, ಅದೂ 3 ಆಂಪಿಯರ್. ಎರಡೂ ಸೇರಿ 6. ಎರಡರಷ್ಟು ತಾನೇ, ತಡೆದುಕೊಳ್ಳುತ್ತದೆ ಬಿಡು ಅನ್ನಿಸುತ್ತದೆ. ಆದರೆ ವೈರಿನಲ್ಲಿ, ಪಿನ್ನಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕರೆಂಟು ಎರಡರಷ್ಟಾದರೆ ಶಾಖ ನಾಲ್ಕರಷ್ಟು. ನಾನು ಕೈಗೆ ಬೇಕು ಅಂದ ಬಿಸಿ ಅಂಗೈಯಲ್ಲಿ ಮಾತ್ರವಲ್ಲ, ಡೂಮಿನ ಒಳಗೆ, ಕಣ್ಣಿಗೆ ಕಾಣದ ಜಾಗದಲ್ಲೂ ಹುಟ್ಟುತ್ತಿತ್ತು.

ಫ್ಯೂಸ್ ಇರಲಿಲ್ಲವೇ ಅಂತ ಕೇಳುತ್ತೀರಿ. ಇತ್ತು. ಮುಖ್ಯ ಫ್ಯೂಸು 10 ಆಂಪಿಯರಿನದು. ಅದರ ಕಣ್ಣಿಗೆ 6 ಏನೂ ಅಲ್ಲ, ಸುಮ್ಮನೆ ಕೂತಿತ್ತು. ಫ್ಯೂಸು ತಡೆಯುವುದು ತನ್ನ ಅಳತೆ ಮೀರಿದ ಕರೆಂಟನ್ನು ಮಾತ್ರ. ಅದರ ಮುಂದಿರುವ ಸಣ್ಣ ವೈರೊಂದು ತನ್ನ ಅಳತೆ ಮೀರಿ ಬಿಸಿಯಾಗುತ್ತಿದೆ ಅಂತ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೇ ಹೊಸದಾಗಿ ಏನೇ ಸೇರಿಸಿದರೂ ಅದಕ್ಕೆ ಅದರದ್ದೇ ಸಣ್ಣ ಫ್ಯೂಸ್ ಬೇಕು, ಅದೂ ಬ್ಯಾಟರಿ ಬುಡದಲ್ಲೇ.

ಇದರ ಮೇಲೆ ಮಂಜು. ನಾಲ್ಕು ವರ್ಷ ಓಡಿದ ಗಾಡಿ, ಪಿನ್ನಿಗೆ ಕಿಲುಬು ಹಿಡಿದಿತ್ತು. ಕಿಲುಬು ಹಿಡಿದ ಕಡೆ ಕರೆಂಟಿಗೆ ಅಡ್ಡಿ ಜಾಸ್ತಿ, ಅಡ್ಡಿ ಜಾಸ್ತಿಯಾದ ಕಡೆ ಶಾಖ ಜಾಸ್ತಿ, ಶಾಖಕ್ಕೆ ಪಿನ್ನು ಸಡಿಲಾಗುತ್ತದೆ, ಸಡಿಲಾದರೆ ಅಡ್ಡಿ ಇನ್ನೂ ಜಾಸ್ತಿ. ಒಮ್ಮೆ ಶುರುವಾದರೆ ತನ್ನನ್ನು ತಾನೇ ತಿನ್ನುತ್ತಾ ಹೋಗುತ್ತದೆ.

ಸೂಚನೆಗಳೂ ಇದ್ದವು. ಗ್ರಿಪ್ ಹೈಗೆ ಹಾಕಿದರೆ ಹೆಡ್‌ಲೈಟ್ ಬೆಳಕು ಕೂದಲೆಳೆಯಷ್ಟು ಹಳದಿಯಾಗುತ್ತಿತ್ತು. ಮೂರನೇ ದಿನ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ದಿಂಬಂ ಘಾಟಿಯಲ್ಲಿ ಇಳಿಯುವ ಲಾರಿಗಳ ಬ್ರೇಕ್ ಲೈನರ್ ಕಾದ ವಾಸನೆ ಯಾವಾಗಲೂ ಇರುತ್ತದೆ, ಅದೇ ಇರಬೇಕು ಅಂದುಕೊಂಡೆ.

ಒಂಬತ್ತನೇ ದಿನ. 27ನೇ ತಿರುವಿನಿಂದ ಇಳಿಯಲು ಶುರುಮಾಡಿ 20ರ ಹತ್ತಿರ ಬಂದಿದ್ದೆ. ಬೆಳಕು ಹರಿದಿತ್ತು, ಆದರೆ ಮಂಜಿಗೆ ಹತ್ತು ಮಾರು ಆಚೆ ಕಾಣುತ್ತಿರಲಿಲ್ಲ. ಎದುರಿನಿಂದ, ರಾತ್ರಿಯೆಲ್ಲ ಬಣ್ಣಾರಿ ಚೆಕ್‌ಪೋಸ್ಟಿನಲ್ಲಿ ಸಾಲು ನಿಂತ ಲಾರಿಗಳು ಒಟ್ಟಿಗೇ ಹತ್ತಿ ಬರುವ ಹೊತ್ತು. ಅಂಥ ಮಂಜಿನಲ್ಲಿ ಹೆಡ್‌ಲೈಟ್ ಇರುವುದು ನಮಗೆ ದಾರಿ ಕಾಣಲು ಅಲ್ಲ, ನಾವು ಇದ್ದೇವೆ ಅಂತ ಎದುರಿನವನಿಗೆ ಕಾಣಲು. ಅದು ಒಮ್ಮೆ ಮಿಟುಕಿತು, ಹೋಯಿತು. ಗ್ರಿಪ್ಪೂ ತಣ್ಣಗಾಯಿತು. ಇಂಜಿನ್ ಮಾತ್ರ ಓಡುತ್ತಲೇ ಇತ್ತು. ನಿಲ್ಲಿಸೋಣ ಅಂತ ಎಡಕ್ಕೆ ತರುವಷ್ಟರಲ್ಲಿ ತಿರುವಿನಲ್ಲಿ ಲಾರಿಯ ಮೂತಿ ಬಂತು. ಹೇರ್‌ಪಿನ್ನಿನಲ್ಲಿ ಲಾರಿಗೆ ಪೂರ್ತಿ ರಸ್ತೆ ಬೇಕು, ಅವನದೇನೂ ತಪ್ಪಿಲ್ಲ. ನಾನು ಮೋರಿ ಕಟ್ಟೆ ಕಡೆಗೆ ಬಿದ್ದೆ. ಬೈಕು ಎಡಗೈ ಮೇಲೆ ಬಿತ್ತು.

ಡ್ರೈವರ್ ಇಳಿದು ಓಡಿ ಬಂದ. "ತಂಬೀ, ಲೈಟ್ ಇಲ್ಲಾಮ ಏನ್‌ಪಾ ವರ್ರೇ?" (ತಮ್ಮಾ, ಲೈಟಿಲ್ಲದೆ ಯಾಕಪ್ಪ ಬರ್ತೀಯ?) ಅಂತ ತಮಿಳಿನಲ್ಲಿ ಬೈಯುತ್ತಲೇ, ತನ್ನ ಹೆಗಲ ಮೇಲಿದ್ದ ಟವೆಲ್ಲಿನಿಂದ ನನ್ನ ಕೈಯನ್ನು ಕುತ್ತಿಗೆಗೆ ಕಟ್ಟಿದ. ಇಳಿದು ಹೋಗುವ ಟೆಂಪೋ ಒಂದನ್ನು ನಿಲ್ಲಿಸಿ ಹತ್ತಿಸಿದವನೂ ಅವನೇ. ಹೆಸರು ಕೇಳಲೂ ನನಗೆ ತೋಚಲಿಲ್ಲ. ಈಗಲೂ ಆ ತಿರುವಿನಲ್ಲಿ ನೆನೆಯುತ್ತೇನೆ.

ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್. ಧನುರ್ಮಾಸ, ಸಂಕ್ರಾಂತಿ, ಮಂಡಿಯಲ್ಲಿ ಕಾಸು ಕಾಣುವ ದಿನಗಳೆಲ್ಲ ಮನೆಯ ಜಗುಲಿಯಲ್ಲಿ ಕಳೆದವು. ಮೆಕ್ಯಾನಿಕ್ ಹುಡುಗ ಆ ಕನೆಕ್ಟರನ್ನು ಕಿತ್ತು ತಂದು ಕೈಗಿಟ್ಟ. ಬಿಳಿ ಇದ್ದದ್ದು ಕಾಫಿ ಬಣ್ಣಕ್ಕೆ ತಿರುಗಿ, ಒಂದು ಮೂಲೆ ಬೆಲ್ಲದ ಹಾಗೆ ಕರಗಿ ಇಳಿದಿತ್ತು. ಒಳಗಿನ ಪಿನ್ನು ಓರೆಯಾಗಿ ಕೂತಿತ್ತು. "ನಾನು ಯೋಳ್ದೆ ಅಲ್ವಾ ಅಣ್ಣ" ಅಂತ ಅವನು ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಅದನ್ನು ಇವತ್ತಿಗೂ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ.

ಆ ಆರು ವಾರದಲ್ಲಿ ಇನ್ನೊಂದು ವಿಷಯ ಹೊಳೆಯಿತು. ನಿಮ್ಮ ಪ್ರಶ್ನೆಯೇ ತಪ್ಪು ಕಡೆಯಿಂದ ಶುರುವಾಗಿದೆ ಅನ್ನಲು ಕಾರಣ ಅದು. ಆ ಒಂಬತ್ತು ದಿನವೂ ನನ್ನ ಬೆರಳು ನೆಟ್ಟಗೆ ಬಿಸಿಯಾಗಿರಲಿಲ್ಲ. ಅಂಗೈ ಬೇಯುತ್ತಿತ್ತು, ಬೆರಳ ಹೊರಮೈ ಮರಗಟ್ಟುತ್ತಿತ್ತು. ಗ್ರಿಪ್ ಕಾಯಿಸುವುದು ಒಳಗಿನಿಂದ. ಗಾಳಿ ಹೊಡೆಯುವುದು ಹೊರಗಿನಿಂದ. ಕೆನಡಾ, ಅಮೆರಿಕದವರು ಗಾಳಿಯ ಚಳಿಗೆ ಒಂದು ಲೆಕ್ಕ ಇಟ್ಟಿದ್ದಾರೆ. ಅದರ ಪ್ರಕಾರ ಹೊರಗೆ 10 ಡಿಗ್ರಿ ಇದ್ದು ಗಂಟೆಗೆ 60 ಕಿಲೋಮೀಟರ್ ಗಾಳಿ ಬಡಿದರೆ ಬರಿಮೈಗೆ 5 ಡಿಗ್ರಿಯಷ್ಟು ಚಳಿ. ಗಾಳಿ ಬೀಸಬೇಕಿಲ್ಲ, ನಾವೇ 60ರಲ್ಲಿ ಹೋದರೆ ಆಯಿತು. ಕೈಗವಸು ಒದ್ದೆಯಾಗಿದ್ದರಂತೂ ಇನ್ನೂ ಕೆಟ್ಟದ್ದು.

ಅದಕ್ಕಿಂತ ದೊಡ್ಡದು ಎದೆ. ಎದೆ ಹೊಟ್ಟೆ ತಣ್ಣಗಾಗುತ್ತಿದೆ ಅಂತ ಗೊತ್ತಾದ ಕೂಡಲೇ ಮೈ ತನ್ನ ಬಿಸಿಯನ್ನು ಒಳಗೆ ಉಳಿಸಿಕೊಳ್ಳಲು ಕೈಕಾಲಿನ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಕೆರೆಯಲ್ಲಿ ನೀರು ಇಳಿದಾಗ ಕೊನೆಯ ಗದ್ದೆಗೆ ಹೋಗುವ ಕಾಲುವೆ ಮೊದಲು ಮುಚ್ಚುತ್ತಾರಲ್ಲ, ಹಾಗೆ. ಆಗ ಕೊನೆಯ ಗದ್ದೆಯಲ್ಲಿ ನಿಂತು ಕೊಡದಲ್ಲಿ ನೀರು ಹೊಯ್ದ ಹಾಗೆ ಈ ಗ್ರಿಪ್ಪು. ನಿಮ್ಮ ಬೆರಳು ಸೆಟೆಯುತ್ತಿರುವುದು ಬೆರಳಿಗೆ ಗಾಳಿ ಬಡಿಯುವುದರಿಂದ ಮಾತ್ರವಲ್ಲ, ಎದೆಗೆ ಗಾಳಿ ಹೊಕ್ಕುತ್ತಿರುವುದರಿಂದಲೂ ಇರಬಹುದು. ನೀವು ಏನು ಹಾಕಿಕೊಂಡು ಹೋಗುತ್ತೀರಿ ಅಂತ ಬರೆದಿಲ್ಲ. ನನ್ನ ಹಾಗೆ ಸ್ವೆಟರ್ ಮೇಲೆ ಏನೂ ಇಲ್ಲದೆ ಹೋಗುವವರಾದರೆ, ಉಣ್ಣೆ ಬಿಸಿ ಹಿಡಿಯುವುದು ತನ್ನ ಎಳೆಗಳ ನಡುವೆ ನಿಂತ ಗಾಳಿಯಿಂದ, ಆ ಗಾಳಿಯನ್ನೇ ಎದುರುಗಾಳಿ ತೊಳೆದುಕೊಂಡು ಹೋಗುತ್ತದೆ. ಸ್ವೆಟರ್ ಒಳಗೆ, ಅದರ ಮೇಲೆ ಮಳೆಕೋಟು. ಒಣ ದಿನವೂ ಮಳೆಕೋಟು. ಅವ್ವ ಅಂಗಿಯ ಒಳಗೆ ಎದೆಗೆ ಅಡ್ಡಲಾಗಿ ನಾಲ್ಕು ಮಡಿಕೆ ಪೇಪರ್ ತುರುಕಿ "ನಿಮ್ಮಪ್ಪನೂ ಸೈಕಲ್ಲಲ್ಲಿ ಹಿಂಗೇ ಹೋಯ್ತಿದ್ದದ್ದು ಕಣಪ್ಪ" ಅಂದಾಗ ನಾನು ಬೇಡ ಅಂದಿದ್ದೆ. ಈಗ ನಾನೇ ಹಳೆ ಪೇಪರ್ ಎತ್ತಿಡುತ್ತೇನೆ.

ಕೈಗೆ ಮೊದಲು ಬೇಕಾದದ್ದು ಹ್ಯಾಂಡಲ್ ಕವರ್. ಹಾಲಿನವರ ಗಾಡಿಗಳಲ್ಲಿ ನೋಡಿರುತ್ತೀರಿ, ಹ್ಯಾಂಡಲ್ಲಿನ ಎರಡೂ ತುದಿಗೆ ಚೀಲದ ಹಾಗೆ ಕಟ್ಟಿ ಕೈಯನ್ನು ಅದರೊಳಗೆ ಹಾಕುವುದು. ನಾನು ಬಸ್ ಸೀಟು ಹೊಲಿಯುವವರ ಹತ್ತಿರ ರೆಕ್ಸಿನ್ನಿನಲ್ಲಿ ಹೊಲಿಸಿದೆ, ಒಳಗೆ ಹಳೆ ಕಂಬಳಿ ತುಂಡು. ಬಾಯಿ ಅಗಲ ಇರಲಿ, ಕೈ ಹೋಗಿ ಬರಲು ತಡೆಯಬಾರದು. ರೆಕ್ಸಿನ್ ಗಟ್ಟಿ ಇರಲಿ. ಮೆತ್ತಗಿದ್ದರೆ ಗಾಳಿಗೆ ಒಳಕ್ಕೆ ಬಾಗಿ ಬ್ರೇಕ್ ಲಿವರನ್ನೇ ಒತ್ತಿ ಹಿಡಿಯುತ್ತದೆ, ಹಿಂದಿನ ಕೆಂಪು ಲೈಟು ದಾರಿಯುದ್ದಕ್ಕೂ ಉರಿಯುತ್ತಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಒಂದು ದಿನ ಹಗಲಿನಲ್ಲಿ ಓಡಿಸಿ ಹಾರ್ನ್, ಇಂಡಿಕೇಟರ್ ಕೈಗೆ ಸಿಗುತ್ತವೆಯಾ ನೋಡಿಕೊಳ್ಳಿ. ನಿಮ್ಮ ಕಡೆ ಡೆಂಕಣಿಕೋಟೆ, ಜವಳಗಿರಿ ಕಾಡಿಗೆ ಚಳಿಗಾಲದಲ್ಲಿ ಬನ್ನೇರುಘಟ್ಟದಿಂದ ಆನೆ ಹಿಂಡು ಬಂದು ರಾಗಿ ಹೊಲಕ್ಕೆ ಇಳಿಯುತ್ತವೆ, ಬೆಳಗಿನ ಹೊತ್ತು ರಸ್ತೆ ದಾಟುತ್ತಿರುತ್ತವೆ. ಕ್ಲಚ್ಚು, ಬ್ರೇಕು ಎರಡೂ ತಡವಿಲ್ಲದೆ ಸಿಗಲೇಬೇಕು.

ಇಷ್ಟು ಮಾಡಿ ಒಂದು ವಾರ ಓಡಿಸಿ. ಹತ್ತರಲ್ಲಿ ಏಳು ಜನಕ್ಕೆ ಇಷ್ಟೇ ಸಾಕು ಅನ್ನುವುದು ನಾನು ನಮ್ಮ ಕಡೆ ಕಂಡದ್ದು. ಆಮೇಲೂ ಚಳಿ ಅಂದರೆ ಆಗ ಕರೆಂಟಿನ ಸಾಮಾನು ಕೊಳ್ಳಿ.

ನನ್ನ ಮಾತು ಕೇಳುವುದಾದರೆ ಮೊದಲು ಪವರ್ ಬ್ಯಾಂಕಿನಿಂದ ಬಿಸಿಯಾಗುವ ಒಳ ವೆಸ್ಟ್. 5 ವೋಲ್ಟು, 2 ಆಂಪಿಯರ್ ಅಂದರೆ 10 ವ್ಯಾಟ್. ಅದು ಕಡಿಮೆ ಅನ್ನಿಸಬಹುದು, ಆದರೆ ಗಾಳಿ ತಡೆದ ಮೇಲೆ ಎದೆಗೆ ಅಷ್ಟೇ ಸಾಕು. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಸುಮಾರು ಮೂರು ಗಂಟೆ ಬರುತ್ತದೆ. ಬೈಕಿನ ಒಂದು ವೈರೂ ಮುಟ್ಟಬೇಕಿಲ್ಲ. ತೆಳು ಅಂಗಿಯ ಮೇಲೆಯೇ, ಮೈಗೆ ಅಂಟಿದಂತೆ ಹಾಕಿಕೊಳ್ಳಿ. ದಪ್ಪ ಸ್ವೆಟರ್ ಮೇಲೆ ಹಾಕಿದರೆ ಸ್ವೆಟರ್ ಬಿಸಿಯಾಗುತ್ತದೆ, ನೀವಲ್ಲ. ಬ್ಯಾಟರಿಯ ಗ್ಲೋವ್ಸೂ ಇದೇ ಕಾರಣಕ್ಕೆ ಪರವಾಗಿಲ್ಲ, ಆದರೆ ದಪ್ಪ ಇರುತ್ತವೆ, ಸಣ್ಣ ಬೈಕಿನ ಲಿವರ್ ಮೇಲೆ ಹಿಡಿತ ಗೊತ್ತಾಗುವುದಿಲ್ಲ. ನನಗೆ ಒಗ್ಗಲಿಲ್ಲ. ಬೈಕಿನ ಬ್ಯಾಟರಿಗೆ ಸಿಕ್ಕಿಸುವ 12 ವೋಲ್ಟಿನ ದೊಡ್ಡ ಜಾಕೆಟ್ಟು 50 ವ್ಯಾಟಿಗೂ ಮೇಲೆ ಎಳೆಯುತ್ತದೆ. ಅದು ದೊಡ್ಡ ಬೈಕಿನವರಿಗೆ. ಇಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ 125ರ ಮ್ಯಾಗ್ನೆಟ್ ಕಾಯಿಲಿಗೆ ಹೆಡ್‌ಲೈಟ್, ಇಗ್ನಿಷನ್ ಸಾಕಿ ಅಷ್ಟನ್ನೂ ಸಾಕುವ ತಾಕತ್ತಿಲ್ಲ. ಸಿಗ್ನಲ್ಲಿನಲ್ಲಿ ಐಡಲ್ಲಿಗೆ ಬಂದರಂತೂ ಬ್ಯಾಟರಿಯಿಂದಲೇ ತಿನ್ನುತ್ತದೆ. ನನ್ನ ಬೈಕಿನ ಬ್ಯಾಟರಿ 4 ಎಎಚ್ (ಅಂದರೆ ಒಂದು ಆಂಪಿಯರ್ ಎಳೆದರೆ ಸುಮಾರು 4 ಗಂಟೆ), ಅದರಲ್ಲಿ ಎಷ್ಟು ಹೊತ್ತು ಬಂದೀತು ಲೆಕ್ಕ ಹಾಕಿ.

ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರು ಇದ್ದರೆ ಅವರಿಗೆ ಬಿಸಿ ಇನ್‌ಸೋಲ್, ಬಿಸಿ ಗ್ಲೋವ್ಸ್ ಕೊಡಿಸಬೇಡಿ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಸುಡುತ್ತಿರುವುದೇ ಗೊತ್ತಾಗುವುದಿಲ್ಲ.

ಗ್ರಿಪ್ಪೇ ಬೇಕು ಅಂದರೆ ಹಾಕಿಸಿ, ನಾನೂ ಮತ್ತೆ ಹಾಕಿಸಿದ್ದೇನೆ. ಕವರಿನ ಒಳಗೆ ಲೋನಲ್ಲಿ ಇಟ್ಟರೂ ಆ ಬಿಸಿ ಚೀಲದೊಳಗೇ ನಿಂತು ಬೆರಳ ಹೊರಮೈಗೂ ತಗಲುತ್ತದೆ. ಆದರೆ ಈ ಸಲ ಬೈಕನ್ನು ಒಂದು ದಿನ ಬಿಟ್ಟು ಬಂದೆ. ಬ್ಯಾಟರಿ ಪ್ಲಸ್ಸಿನಿಂದ ಪ್ರತ್ಯೇಕ ವೈರು, ಪ್ಲಸ್ಸಿನ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸು, ಅಲ್ಲಿಂದ ರಿಲೇ, ರಿಲೇಯಿಂದ ಗ್ರಿಪ್ಪು. ರಿಲೇಗೆ ಎಚ್ಚರ ಕೊಡಲು ಮಾತ್ರ ಹಿಂದಿನ ಲೈಟಿನ ವೈರಿನಿಂದ ಒಂದು ಎಳೆ, ಅದು ಎಳೆಯುವುದು ಒಂದು ಆಂಪಿಯರಿಗಿಂತ ಎಷ್ಟೋ ಕಡಿಮೆ. ಕೀ ತೆಗೆದರೆ ಗ್ರಿಪ್ ಆಫ್, ಮರೆತು ಹೋದರೂ ಬ್ಯಾಟರಿ ಉಳಿಯುತ್ತದೆ. ಒಂದು ವಿಷಯ ಕೇಳಿಕೊಳ್ಳಿ: ಕೆಲವು ಸಣ್ಣ ಬೈಕುಗಳಲ್ಲಿ ಲೈಟುಗಳು ಬ್ಯಾಟರಿ ಮೇಲೆ ನಡೆಯುವುದಿಲ್ಲ, ಕಾಯಿಲಿನಿಂದ ನೇರ ಎಸಿ (ದಿಕ್ಕು ಬದಲಿಸುತ್ತಿರುವ) ಕರೆಂಟು ಬರುತ್ತದೆ. ಹಾಗಿದ್ದರೆ ರಿಲೇ ಎಳೆಯನ್ನು ಹಾರ್ನ್ ಅಥವಾ ಬ್ರೇಕ್ ಸ್ವಿಚ್ಚಿಗೆ ಕೀ ಮೂಲಕ ಬರುವ ವೈರಿನಿಂದ ತೆಗೆಯಬೇಕು. ಆಕ್ಸಿಲರೇಟರ್ ಕಡೆಯ ಗ್ರಿಪ್ ತಿರುಗುತ್ತದೆ, ಅದರ ವೈರಿಗೆ ಸಡಿಲ ಬಿಡಿಸಿ. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಬಿಟ್ಟಾಗ ತಾನೇ ವಾಪಸು ಬರುತ್ತದೆಯಾ ಅಂತ ನಿಂತಲ್ಲೇ ನೋಡಿ, ಆಮೇಲೆ ದುಡ್ಡು ಕೊಡಿ.

ನೀವು ಪ್ರಶ್ನೆಯ ಕೊನೆಯಲ್ಲಿ "ಸದ್ಯಕ್ಕೆ ಫ್ರೆಂಡ್ ಒಬ್ಬರು ಹೆಡ್‌ಲೈಟ್ ವೈರಿಂದ ಕನೆಕ್ಷನ್ ಕೊಟ್ಟಿದ್ದಾರೆ, ಹಳೆ ಗ್ರಿಪ್ ಟೆಸ್ಟ್ ಮಾಡುತ್ತಿದ್ದೇನೆ" ಅಂತ ಬರೆದಿದ್ದೀರಿ. ಇವತ್ತು ಸಂಜೆಯೇ ಡೂಮ್ ಬಿಚ್ಚಿ. ಹೆಡ್‌ಲೈಟಿನ ಕನೆಕ್ಟರ್ ಕೈಗೆ ತಗೊಂಡು ಬೆಳಕಿಗೆ ಹಿಡಿಯಿರಿ. ಬಿಳಿ ಪ್ಲಾಸ್ಟಿಕ್ಕಿನ ಒಂದು ಮೂಲೆ ಹಳದಿಗೆ ತಿರುಗಿದ್ದರೂ ಸರಿ, ನಾಳೆ ಪಾಳಿಗೆ ಬಸ್ಸಿನಲ್ಲಿ ಹೋಗಿ.